ಬಿಟ್ಟ ಸಾಲು

ಗುಳೇದಗುಡ್ಡದ ನಮ್ಮ ಮನ್ಯಾಗ ಎರಡು ಕಲ್ಲಿದ್ದುವು,
ಒಂದ ಎತ್ತರ, ಒಂದ ಬಣ್ಣ, ಒಂದ ಅಚ್ಚಿನವು.
ರೇಷ್ಮಿ ತೂಗಿ ಕೊಡಾಕ ಒಂದು,
ನೇದ ಖಣ ತೂಗಿ ತಗೊಳ್ಳಾಕ ಇನ್ನೊಂದು.
ಕೊಡೂ ಕಲ್ಲಿನ ಹೊಟ್ಟಿ ಕೊರದು
ಅರಗು ತುಂಬಿತ್ತು.
ನನಗದು ತಿಳಿದದ್ದು ಒಂಬತ್ತನೇ ವಯಸ್ಸಿನ್ಯಾಗ:
ಬಿಸಲಾಗ ಇಟ್ಟಾಗ ಕಲ್ಲು ಬೆವತಿತ್ತು.

ಅಪ್ಪ, ಬೆನ್ಯಾಮೀನಪ್ಪ, ಸಭಾದ ಹಿರೇರೊಳಗೊಬ್ಬ.
ಐತವಾರ ಕಾಣಿಕಿ ಚೀಲ ಹಿಡದು ತಿರಗಾಂವ,
ಸೋಮವಾರ ತಕ್ಕಡಿ ಮುಂದ ಕುಂಡ್ರಾಂವ.
ನಡುವ ಒಂದು ರಾತ್ರಿ ಮಾತ್ರ ಇತ್ತು,
ಅದರಾಗೂ ಚೆಂದಾಗಿ ನಿದ್ದಿ ಮಾಡತಿದ್ದ.

ಆಯಿ ರಾಹೇಲವ್ವಗ ಕಣ್ಣು ಹೋಗಿ ಏಳು ವರ್ಷ.
ಓದು ಬರಹ ಎಂದೂ ಬಂದಿದ್ದಿಲ್ಲ.
ಮಗ್ಗದ ಕುಣ್ಯಾಗ ಕಾಲಿಟ್ಟು, ಲಾಳಿ ಒಗೀತ,
ಮುತ್ತ್ಯಾ ಓದೂದನ್ನ ಕೇಳಿ ಕೇಳಿ
ಗ್ರಂಥ ಪೂರಾ ಕಿವ್ಯಾಗ ನೇದಿಟ್ಟುಕೊಂಡಿದ್ದಳು.
ಈಗ ದಿನಾ ಉಂಡಮ್ಯಾಲೆ ಅಪ್ಪ ಓದಬೇಕು;
ಕರೆಂಟ್ ಬಿಲ್ಲಿನಂಗ, ತಪ್ಪಿಸಾಕ ಬರತಿದ್ದಿಲ್ಲ.

ಆ ರಾತ್ರಿ ಕಣ ತುಳಿಯೂ ಎತ್ತಿನ ಮಾತು ಓದಿದ,
ಅಣ್ಣ ಸತ್ತ ಮನಿಯ ಮಾತು ಓದಿದ,
ಒಂದು ಗುಕ್ಕು ನೀರು ಕುಡದ.
ಆಮ್ಯಾಲೆ, ದಾರ್ಯಾಗ ದಣದವರನ್ನ ಹಿಂದಿಂದ ಬಡದ
ವೈರಿಯ ಮಾತಿಗೆ ಜಿಗದ.

"ಬೆನ್ಯಾಮೀನಾ," ಅಂದಳು ಆಯಿ,
"ಎಳಿ ಹರೀತು."
"ಇಲ್ಲಬೇ ಅವ್ವಾ."
"ಹರದೈತಿ. ಕೈ ಆಡಿಸಿ ನೋಡು."

ಬಲ್ಬಿಗೆ ಹುಳ ಬಡಕೊಳ್ಳತಿದ್ದುವು.
ಅಪ್ಪನ ಬೆರಳು ಬಿಟ್ಟ ಸಾಲಿನ ಅಂಚಿನ್ಯಾಗ
ತಕ್ಕಡಿ ಮುಳ್ಳಿನಂಗ ನಡಗತಿತ್ತು.
ಓದಿದ.
ಚೀಲದೊಳಗಿನ ಕಲ್ಲಿನ ಮಾತು, ಎರಡ ಸಾಲು.
ಅಂಥಾ ಸಣ್ಣ ದನಿ ನಾ ಅವನ ಕಡಿಂದ ಕೇಳಿದ್ದಿಲ್ಲ,
ಸಭಾದಾಗ ಪ್ರಾರ್ಥನಿ ಮಾಡೂವಾಗಂತೂ ಇಲ್ಲ.
"ಈಗ ಬಟ್ಟಿ ಕೂಡಿತು," ಅಂತ ಆಯಿ
ಗೋಡಿ ಕಡೆ ಹೊರಳಿದಳು.
ಆಕಿಗೆ ಕಲ್ಲಿನ ಸುದ್ದಿ ಗೊತ್ತಿತ್ತೋ ಇಲ್ಲೋ.
ಆಕಿನೂ ಒಂದು ಕಾಲಕ್ಕ ಕೂಲಿಗೆ ನೇದಾಕಿ,
ಯಾರದೋ ತಕ್ಕಡಿ ಮುಂದ ಕೈಕಟ್ಟಿ ನಿಂತಾಕಿ.

ಮರುದಿನ ಏನೂ ಆಗಲಿಲ್ಲ.
ಇದನ್ನ ಹೇಳಲೇಬೇಕು: ಅಪ್ಪ ಅದ ಕಲ್ಲಿಲೆ ತೂಗಿದ.
ಮೂರನೇ ದಿನಾನೂ ತೂಗಿದ.
ನಿದ್ದಿ ಮಾತ್ರ ಹೋತು.
ಅಂಗಿಯೊಳಗ ಸೇರಿದ ಜ್ವಾಳದ ಸುಂಕಿನಂಗ
ಆ ಎರಡು ಸಾಲು, ಕುಂತರೂ ನಿಂತರೂ.

ಕಾರಹುಣ್ಣಿಮಿ ಆದಮ್ಯಾಲೆ ಒಂದು ನಸುಕಿನ್ಯಾಗ
ವಹಿ ತಗದು ಹನ್ನೊಂದು ವರ್ಷದ ಲೆಕ್ಕ ಬರದ.
ಹೊಸಾ ಲೂನಾ ಗಾಡಿ ಮಾರಿದ.
ಅವ್ವ ಎರಡು ದಿನ ಮಾತಾಡಲಿಲ್ಲ.

ಯಂಕವ್ವ ರೊಕ್ಕ ಎಣಿಸಿ, ಮತ್ತೊಮ್ಮೆ ಎಣಿಸಿ,
ಅವನ ಪಾದದ ಹಂತ್ಯಾಕ ಉಗುಳಿದಳು.
ಗೌಸುಸಾಬ ಚಹಾ ಕುಡಿಸಿ, "ನಮಗ ಗೊತ್ತಿತ್ತರೀ," ಅಂದ;
ಅದು ಉಗುಳಿಗಿಂತ ಹೆಚ್ಚು ಸುಟ್ಟಿತು.
ಹುಚ್ಚೀರಪ್ಪ ಸತ್ತುಹೋಗಿದ್ದ.
ಅವನ ಬಾಗಲದಾಗ ಅಪ್ಪ ನಿಂತದ್ದು ಎಷ್ಟೊತ್ತೋ.
ಮಗ್ಗದ ಕುಣಿ ಮುಚ್ಚಿ
ಅಲ್ಲೆ ಕರಿಬೇವು ಹಚ್ಚಿದ್ದರು.

ಸಂತನೇನೂ ಆಗಲಿಲ್ಲ ಅಪ್ಪ.
ಸಾರಿಗೆ ಉಪ್ಪು ಹೆಚ್ಚಾದರ ತಾಟು ಒಗೀತಿದ್ದ.
ಹಿರೇತನ ಬಿಟ್ಟ, ಕಾಣಿಕಿ ಚೀಲ ಮತ್ತ ಮುಟ್ಟಲಿಲ್ಲ.
ಓದೂವಾಗ ನಡುವ
ನೀರು ಕುಡಿಯೂದನ್ನೂ ಬಿಟ್ಟ.

ಆಯಿ ಹೋಗ್ಯಾಳ. ಅಪ್ಪಗ ಈಗ ಕಣ್ಣು ಮಸುಕು,
ಓದೂ ಪಾಳಿ ನಂದು.
ಕಿಡಕಿ ಗಾಳಿಗೆ ಪುಟ ಹಾರದಂಗ
ಆ ಕೊರದ ಕಲ್ಲನ್ನ ಅಂಚಿನ ಮ್ಯಾಲೆ ಇಟ್ಟಿರತೇನಿ.
ಬ್ಯಾಸಗ್ಯಾಗ ಇನ್ನೂ ಬೆವರತೈತಿ.

ನಿನ್ನೆ ಒಂದು ಸಾಲು, ನಾಲಿಗಿಯ ಬೆಂಕಿದು,
ವೈನಿ ಎದುರಿಗೆ ಕುಂತಿದ್ದಳಂತ
ಮೆಲ್ಲಕ ದಾಟಿದೆ.

ಅಪ್ಪ ಕೆಮ್ಮಿದ.
"ಎಳಿ," ಅಂದ.